ತೊಗಲುಗೊಂಬೆಯ ಪರದೆಯಿಂದ ಗಣಕದ ತೆರೆಗೆ

ತೆರೆಯ ಮೇಲೆ ರೂಪವೊಂದನ್ನು ನಡೆಸುವ, ನೆಗೆಸುವ, ಕಾದಾಡಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಬಿಳಿಯ ಪರದೆ, ಹಿಂದೊಂದು ದೀಪ, ನಡುವೆ ಬಣ್ಣದ ತೊಗಲುಗೊಂಬೆ: ಇಷ್ಟರಿಂದಲೇ ರಾಮಾಯಣ, ಮಹಾಭಾರತಗಳು ಜನರ ಕಣ್ಣೆದುರು ಜೀವ ತಳೆಯುತ್ತಿದ್ದವು. ಕನ್ನಡ ನಾಡಿನ ಗೊಂಬೆಗಳಲ್ಲಿ ಅರಸರು, ದೇವತೆಗಳು ದೊಡ್ಡ ಗಾತ್ರದವರು, ಸೇವಕರು ಚಿಕ್ಕವರು. ತೆಲುಗಿನ ತೋಲುಬೊಮ್ಮಲಾಟದ ದೊಡ್ಡ ಗೊಂಬೆಗಳಿಗೆ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳಿವೆ. ಎರಡು ನುಡಿಗಳ ನಡುವೆ ಬಾಳುವ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡಿಗರಾದ ನಮಗೆ ಈ ಎರಡೂ ನೆರೆಮನೆಯ ಕಲೆಗಳೇ.

ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ ಆಡುವ ಎಷ್ಟೋ ವಿಡಿಯೋ ಆಟಗಳು ಅಗಲ, ಎತ್ತರ ಎಂಬ ಎರಡೇ ಆಯಾಮಗಳ ಲೋಕಗಳು. ಅಲ್ಲಿ ಗೊಂಬೆಯಾಡಿಸುವವರ ಕೈಯ ಕೆಲಸವನ್ನು ಗಣಿತ ಮಾಡುತ್ತದೆ. ಆ ಗಣಿತಕ್ಕೂ ಒಂದು ಚರಿತ್ರೆಯಿದೆ.

1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಅವರು ಆಸಿಲೋಸ್ಕೋಪಿನ ಪುಟ್ಟ ತೆರೆಯಲ್ಲಿ ಟೆನಿಸ್ ಆಟವೊಂದನ್ನು ಮೂಡಿಸಿದರು. ಚೆಂಡು ಗುರುತ್ವಕ್ಕೆ ಒಳಗಾಗಿ ಬಾಗಿ ಇಳಿಯುತ್ತಿತ್ತು. 1962ರ ‘ಸ್ಪೇಸ್‌ವಾರ್’ ಆಟದಲ್ಲಿ ನಡುವಣ ನಕ್ಷತ್ರವು ನೌಕೆಗಳನ್ನು ತನ್ನೆಡೆಗೆ ಸೆಳೆಯುತ್ತಿತ್ತು. ಜಪಾನಿನ ಶಿಗೆರು ಮಿಯಾಮೊಟೊ ಅವರ ‘ಡಾಂಕಿ ಕಾಂಗ್’ 1981ರಲ್ಲಿ ನೆಗೆಯುವ ನಾಯಕನನ್ನು ತಂದಿತು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆ ನೆಗೆತವನ್ನು ಪಳಗಿಸಿತು. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ಕ್ಕಾಗಿ ಜೋರ್ಡನ್ ಮೆಕ್ನರ್ ತಮ್ಮ ಸೋದರನು ಓಡುವುದನ್ನೂ ಹಾರುವುದನ್ನೂ ವಿಡಿಯೋದಲ್ಲಿ ಸೆರೆಹಿಡಿದು, ಅದನ್ನು ನೋಡಿ ಒಂದೊಂದೇ ಭಂಗಿಯನ್ನು ಗಣಕಕ್ಕೆ ಇಳಿಸಿದರು.

ಇದರ ಒಳಗುಟ್ಟು ಸರಳ. ತೆರೆಯಲ್ಲಿ ಸೆಕೆಂಡಿಗೆ 60 ಚಿತ್ರಗಳು ಮೂಡುತ್ತವೆ ಎನ್ನೋಣ. ನಾಯಕನು 12 ಚುಕ್ಕಿಗಳ ವೇಗದಿಂದ ಮೇಲೆ ನೆಗೆದರೆ, ಮೊದಲ ಚಿತ್ರದಲ್ಲಿ 12 ಚುಕ್ಕಿ ಏರುತ್ತಾನೆ. ಪ್ರತಿ ಚಿತ್ರಕ್ಕೂ ಗುರುತ್ವವು ವೇಗದಿಂದ 1ನ್ನು ಕಳೆಯುತ್ತದೆ. ಮುಂದೆ 11, 10, 9. ಹೀಗೆ 12 ಚಿತ್ರಗಳಲ್ಲಿ ಒಟ್ಟು 78 ಚುಕ್ಕಿ ಏರಿ, ಬಳಿಕ ಇಳಿಯತೊಡಗುತ್ತಾನೆ. ಮಾರಿಯೋ ಆಟದಲ್ಲಿ ಗುಂಡಿಯನ್ನು ಒತ್ತಿಹಿಡಿದಷ್ಟು ಹೊತ್ತು ಏರುವಾಗಿನ ಸೆಳೆತವು ಕಡಿಮೆಯಿರುತ್ತದೆ. ಆದುದರಿಂದ ನೆಗೆತವೂ ಎತ್ತರವಾಗುತ್ತದೆ. ನೆಲವನ್ನು ಮುಟ್ಟಿದ್ದನ್ನು ತಿಳಿಯಲು ನಾಯಕನ ಸುತ್ತ ಕಾಣದ ಆಯತವೊಂದನ್ನು ಕಲ್ಪಿಸಿ, ಅದು ನೆಲದ ಆಯತವನ್ನು ತಾಗಿತೇ ಎಂದು ಪ್ರತಿ ಚಿತ್ರದಲ್ಲೂ ಪರೀಕ್ಷಿಸಲಾಗುತ್ತದೆ. ನಿಸರ್ಗದ ನಿಯಮವನ್ನು ಆಟದ ಸೊಗಸಿಗೆ ತಕ್ಕಂತೆ ಹದಗೊಳಿಸುವುದರಲ್ಲಿಯೇ ಕಲೆಗಾರಿಕೆಯಿದೆ.

ಈ ಉದ್ಯಮ ನಮ್ಮಿಂದ ದೂರವಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯನ್ನು ಕಟ್ಟಿದರು. ಹೈದರಾಬಾದಿನ ‘ಓಗರ್ ಹೆಡ್ ಸ್ಟುಡಿಯೋ’ 2017ರಲ್ಲಿ ‘ಅಸುರ’ ಎಂಬ ಆಟವನ್ನು ಹೊರತಂದಿತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಹೀರಾಬಾದಿನ ಬಹುಭಾಗವೂ ನಾರಾಯಣಖೇಡವೂ ಬೀದರ ಜಿಲ್ಲೆಯಿಂದ, ತಾಂಡೂರು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಸರಿದರೂ ಮನೆಮಾತು ಉಳಿಯಿತು. ಆದರೆ ಮನೆಮಾತು ಅಡುಗೆಮನೆಯಲ್ಲಷ್ಟೇ ಉಳಿದರೆ ಸಾಲದು. ಹೊಸ ವಿದ್ಯೆಯನ್ನೂ ಅದು ಆಡಬೇಕು. ಗೊಂಬೆಯಾಟದವರು ತಮ್ಮ ಕಸುಬನ್ನು ಮಾತಿನಿಂದಲೇ ಮಕ್ಕಳಿಗೆ ದಾಟಿಸಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಸಂದ ಪದ್ಮಶ್ರೀ ಆ ಪರಂಪರೆಗೂ ಸಂದ ಗೌರವವೆಂದು ನಾವು ಭಾವಿಸುತ್ತೇವೆ. ವೇಗ, ಗುರುತ್ವ, ನೆಗೆತ, ತಾಗು ಎಂಬ ಮಾತುಗಳು ನಮ್ಮಲ್ಲಿವೆ. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಈ ಲೆಕ್ಕವನ್ನು ಒಮ್ಮೆಯಾದರೂ ಕನ್ನಡದಲ್ಲಿ ಕೇಳಲಿ. ತೊಗಲುಗೊಂಬೆಯ ಹನುಮಂತನನ್ನು ತಮ್ಮದೇ ತೆರೆಯ ಮೇಲೆ ಸಾಗರ ಲಂಘಿಸಲು ಕಲಿಸಲಿ ಎಂಬುದು ನಮ್ಮ ಹಾರೈಕೆ.