ಕಾರಿನ ಮೂರನೆಯ ಕಿಟಕಿ

ಎರಡು ಬಾಗಿಲಿನ ಕಾರೊಂದನ್ನು ಪಕ್ಕದಿಂದ ನೋಡಿ. ಮುಂದೆ ಗಾಳಿತಡೆ ಗಾಜು, ನಂತರ ಬಾಗಿಲಿನ ಗಾಜು. ಅದರ ಹಿಂದೆ, ಛಾವಣಿ ಇಳಿಜಾರಾಗಿ ಡಿಕ್ಕಿಯನ್ನು ಸೇರುವ ಕಡೆ, ತ್ರಿಕೋನಾಕಾರದ ಸಣ್ಣದೊಂದು ಜಾಗ ಉಳಿಯುತ್ತದೆ. ಕೆಲವು ಕಾರುಗಳಲ್ಲಿ ಅಲ್ಲಿ ಗಾಜಿರುತ್ತದೆ, ಕೆಲವದರಲ್ಲಿ ಬರೀ ತಗಡು. ಮೋಟಾರು ವಾಹನಗಳ ಇತಿಹಾಸ ಬರೆಯುವವರು ಎಂಜಿನ್ನಿನ ಬಗ್ಗೆ ನೂರು ಪುಟ ಬರೆದು, ಈ ಮೂಲೆಯನ್ನು ಅರ್ಧ ಸಾಲಿನಲ್ಲಿ ಮುಗಿಸುವುದುಂಟು. ಆದರೆ ಅಮೆರಿಕದ ಒಂದು ಪ್ರಸಿದ್ಧ ಸ್ಪೋರ್ಟ್ಸ್ ಕಾರಿನಲ್ಲಿ ಈ ಅಂಗೈಯಗಲದ ಜಾಗ ಮೂರೇ ವರ್ಷಗಳಲ್ಲಿ ಮೂರು ರೂಪ ತಾಳಿತು. ಪ್ರತಿ ಸಲವೂ ಅದಕ್ಕೊಂದು ಕಾರಣವಿತ್ತು.

ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರು ಲೋಕಕ್ಕೆ ಪರಿಚಯವಾದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವಮೇಳದಲ್ಲಿ. ಕೆಲವೇ ತಿಂಗಳ ನಂತರ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಛಾವಣಿ ಹಿಂದಕ್ಕೆ ನುಣುಪಾಗಿ ಜಾರುವ 'ಫಾಸ್ಟ್‌ಬ್ಯಾಕ್' ಮಾದರಿ ಬಂತು. ಅದರ ಹಿಂಬದಿಯ ಪಾರ್ಶ್ವದಲ್ಲಿ ಕಿಟಕಿ ಇರಲಿಲ್ಲ. ಅಲ್ಲಿ ಮೀನಿನ ಕಿವಿರಿನಂತೆ ಒಂದರ ಹಿಂದೊಂದು ಸೀಳುಗಳಿದ್ದವು. ಅವನ್ನು ಲೂವರ್ ಎನ್ನುತ್ತಾರೆ.

ಇದು ಅಲಂಕಾರವೆಂದು ತಿಳಿಯಬೇಡಿ. ಭೌತಶಾಸ್ತ್ರದ ತರಗತಿಯಲ್ಲಿ ನೀವು ಕಲಿತಿರುವುದನ್ನೇ ನೆನಪಿಗೆ ತಂದುಕೊಳ್ಳಿ. ಓಡುವ ಕಾರಿನ ಮುಂಗಾಜಿನ ಬುಡದಲ್ಲಿ ಗಾಳಿ ಬಂದು ಬಡಿದು ಒತ್ತಡ ಹೆಚ್ಚುತ್ತದೆ. ಛಾವಣಿ ಇಳಿಯುವ ಹಿಂಭಾಗದ ಪಕ್ಕಗಳಲ್ಲಿ ಒತ್ತಡ ಕಡಿಮೆಯಿರುತ್ತದೆ. ಹೆಚ್ಚಿನ ಒತ್ತಡವಿರುವ ಕಡೆ ಗಾಳಿಯನ್ನು ಒಳಕ್ಕೆ ಬಿಟ್ಟು, ಕಡಿಮೆ ಒತ್ತಡವಿರುವ ಕಡೆ ಹೊರಹೋಗಲು ದಾರಿ ಕೊಟ್ಟರೆ, ಫ್ಯಾನಿನ ಹಂಗಿಲ್ಲದೆ ಕಾರಿನೊಳಗೆ ಗಾಳಿಯಾಡುತ್ತದೆ. ಬಾಗಿಲ ಗಾಜನ್ನು ಇಳಿಸಿಕೊಂಡು ಗದ್ದಲ ಸಹಿಸಬೇಕಾಗಿಲ್ಲ. ಬೇಡವೆಂದರೆ ಒಳಗಿನಿಂದಲೇ ಕಿವಿರನ್ನು ಮುಚ್ಚಬಹುದಿತ್ತು. ಜಾಣ ಏರ್ಪಾಡು. ಆದರೆ ಗಾಳಿಗೆ ದಾರಿಯಾದ ಜಾಗ ಕಣ್ಣಿಗೆ ಗೋಡೆಯಾಯಿತು. ಭುಜದ ಮೇಲಿಂದ ಹಿಂದಕ್ಕೆ ತಿರುಗಿ ನೋಡಿದ ಚಾಲಕನಿಗೆ ಅಲ್ಲಿ ಕಾಣುತ್ತಿದ್ದುದು ತಗಡು ಮಾತ್ರ.

ಈಗ ಕಥೆಯೊಳಕ್ಕೆ ಕ್ಯಾರೊಲ್ ಶೆಲ್ಬಿ ಬರುತ್ತಾರೆ. ಟೆಕ್ಸಾಸಿನ ಈ ಮನುಷ್ಯ 1959ರಲ್ಲಿ ರಾಯ್ ಸಾಲ್ವದೋರಿಯ ಜೊತೆಗೂಡಿ, ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದವರು. ಹೃದಯದ ಕಾಯಿಲೆಯಿಂದಾಗಿ 1960ರಲ್ಲಿ ಸ್ಪರ್ಧೆ ಬಿಟ್ಟು, ಕ್ಯಾಲಿಫೋರ್ನಿಯಾದಲ್ಲಿ ಕಾರು ಕಟ್ಟುವ ಕೆಲಸಕ್ಕಿಳಿದರು. ಮಸ್ಟಾಂಗ್ ಕಾರು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದರೂ ಅದನ್ನು ಯಾರೂ ಸ್ಪೋರ್ಟ್ಸ್ ಕಾರೆಂದು ಒಪ್ಪುತ್ತಿರಲಿಲ್ಲ. ಆ ಹೆಸರು ಗಳಿಸಿಕೊಡುವ ಕೆಲಸವನ್ನು ಫೋರ್ಡ್ ಶೆಲ್ಬಿಗೆ ವಹಿಸಿತು. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಷರತ್ತುಗಳು ಸ್ಪಷ್ಟವಾಗಿದ್ದವು: ಕಾರಿಗೆ ಎರಡೇ ಆಸನಗಳಿರಬೇಕು, ಕನಿಷ್ಠ 100 ಕಾರುಗಳನ್ನಾದರೂ ಕಟ್ಟಿರಬೇಕು.

ಹೀಗೆ 1965ರ ಜಿಟಿ350 ಹುಟ್ಟಿತು. ಹಿಂದಿನ ಸೀಟನ್ನು ಕಿತ್ತು, ಆ ಜಾಗದಲ್ಲಿ ಹೆಚ್ಚುವರಿ ಚಕ್ರವನ್ನು ಇಟ್ಟರು. 4.7 ಲೀಟರ್ ಎಂಜಿನ್ನಿನ ಶಕ್ತಿಯನ್ನು 271 ಅಶ್ವಶಕ್ತಿಯಿಂದ 306ಕ್ಕೆ ಏರಿಸಿದರು. ಕೇವಲ ಓಟಕ್ಕೆಂದೇ ಕಟ್ಟಿದ 36 ಕಾರುಗಳಲ್ಲಿ ಕಿಟಕಿಗಳ ಮೇಲೆ ನಿಜವಾದ ಪ್ರಯೋಗ ನಡೆಯಿತು. ಬಾಗಿಲಿನ ಗಾಜು ತೆಗೆದು ಪ್ಲೆಕ್ಸಿಗ್ಲಾಸ್ ಹಾಕಿದರು. ಅದನ್ನು ಏರಿಳಿಸಲು ಹಿಡಿಕೆಯಿಲ್ಲ, ಒಂದು ಪಟ್ಟಿ ಅಷ್ಟೆ. ಹಿಂಗಾಜೂ ಪ್ಲಾಸ್ಟಿಕ್ಕಿನದೇ, ಮೇಲಂಚಿನಲ್ಲಿ ಒಳಗಿನ ಗಾಳಿ ಹೊರಹೋಗಲು ಸಂದು ಬಿಟ್ಟಿದ್ದರು. ಆ ಸಂದು ಇದ್ದ ಮೇಲೆ ಪಕ್ಕದ ಕಿವಿರು ಯಾಕೆ? ಅದನ್ನು ಕಿತ್ತು ಅಲ್ಯೂಮಿನಿಯಂ ತಗಡು ಬಡಿದರು. 1965ರ ಫೆಬ್ರವರಿ 14ರಂದು ಟೆಕ್ಸಾಸಿನ ಗ್ರೀನ್ ವ್ಯಾಲಿ ಓಟದಲ್ಲಿ ಕೆನ್ ಮೈಲ್ಸ್ ಈ ಕಾರನ್ನು ಮೊದಲ ಬಾರಿಗೆ ಓಡಿಸಿ ಗೆದ್ದರು. ಆ ದಿನ ನಾಲ್ಕು ಚಕ್ರಗಳೂ ನೆಲ ಬಿಟ್ಟು ಹಾರಿದ ಕಾರಿನ ಛಾಯಾಚಿತ್ರ ಇಂದಿಗೂ ಪ್ರಸಿದ್ಧ. 1965, 66, 67 ಮೂರೂ ವರ್ಷ ತನ್ನ ವರ್ಗದ ರಾಷ್ಟ್ರೀಯ ಪ್ರಶಸ್ತಿ ಜಿಟಿ350ಕ್ಕೇ ಸಂದಿತು.

ಓಟದ ಕಾರು ಗೆದ್ದದ್ದೇನೋ ಸರಿ. ಆದರೆ ರಸ್ತೆಯಲ್ಲಿ ಓಡಿಸಲು ಕೊಂಡವರಿಗೆ ಅದು ಗಡುಸು, ಗದ್ದಲದ ಕಾರು. ಹೀಗಾಗಿ 1966ರ ಮಾದರಿಯನ್ನು ಸ್ವಲ್ಪ ಪಳಗಿಸಿದರು. ಬಿಳಿಯ ಜೊತೆಗೆ ಬೇರೆ ಬಣ್ಣಗಳು ಬಂದವು, ಬೇಕೆಂದವರಿಗೆ ಹಿಂದಿನ ಸೀಟೂ ಸಿಕ್ಕಿತು. ಹರ್ಟ್ಜ್ ಎಂಬ ಬಾಡಿಗೆ ಕಾರಿನ ಸಂಸ್ಥೆಯೇ ಸುಮಾರು 1000 ಕಾರುಗಳನ್ನು ಕೊಂಡಿತು. ನಮ್ಮ ಕಥೆಗೆ ಮುಖ್ಯವಾದುದೆಂದರೆ, ಕಿವಿರಿನ ಜಾಗಕ್ಕೆ ತೆರೆಯಲು ಬಾರದ, ಪಾರದರ್ಶಕವಾದ ಪ್ಲೆಕ್ಸಿಗ್ಲಾಸ್ ಕಿಟಕಿ ಬಂತು. ಸಾಮಾನ್ಯ ಮಸ್ಟಾಂಗನ್ನೂ ಶೆಲ್ಬಿಯನ್ನೂ ದೂರದಿಂದಲೇ ಬೇರ್ಪಡಿಸುವ ಗುರುತು ಅದು. ಆ ವರ್ಷದ ಮೊದಲ 250ರಷ್ಟು ಕಾರುಗಳು ಹಿಂದಿನ ವರ್ಷ ಉಳಿದಿದ್ದ ಒಡಲಿನವು. ಅವುಗಳಿಗೂ ಇದೇ ಕಿಟಕಿ ಕೂಡಿಸಿದರು.

ಇದರಿಂದ ಹೋದದ್ದು ಗಾಳಿ, ಬಂದದ್ದು ನೋಟ. ನನ್ನನ್ನು ಕೇಳಿದರೆ ಇದು ಒಳ್ಳೆಯ ವ್ಯಾಪಾರ. ಆ ಕಾಲದ ಎಷ್ಟೋ ಅಮೆರಿಕನ್ ಕಾರುಗಳಿಗೆ ಬಲಗಡೆಯ ಹೊರಗನ್ನಡಿಯೇ ಇರುತ್ತಿರಲಿಲ್ಲ ಎಂಬುದನ್ನು ನೆನೆಯಿರಿ. ಹೆದ್ದಾರಿಯಲ್ಲಿ ಸಾಲು ಬದಲಿಸುವಾಗ ಕನ್ನಡಿಗೂ ಸಿಗದ, ಕಿಟಕಿಗೂ ಸಿಗದ ಆ ಕುರುಡು ಮೂಲೆಯಲ್ಲಿ ಒಂದು ಮೋಟಾರ್ ಸೈಕಲ್ ಪೂರ್ತಿ ಅಡಗಿಕೊಳ್ಳಬಲ್ಲದು. ಅಂದವನ್ನು ಮುಂದಿಟ್ಟು ಈ ಮೂಲೆಯನ್ನು ಮುಚ್ಚುವವರು ಆ ಸವಾರನನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನಮ್ಮ ದೇಶದಲ್ಲೂ ಪಕ್ಕದ ಗಾಜುಗಳಿಗೆ ಕಪ್ಪು ಹಾಳೆ ಅಂಟಿಸುವ ಹವ್ಯಾಸವಿದ್ದದ್ದು ನಿಮಗೆ ಗೊತ್ತು. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯ ಆ ಹಾಳೆಗಳನ್ನು ನಿಷೇಧಿಸಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ 70%, ಪಕ್ಕದ ಗಾಜಿನ ಮೂಲಕ ಕನಿಷ್ಠ 50% ಬೆಳಕು ಹಾಯಬೇಕು.

ಪ್ಲೆಕ್ಸಿಗ್ಲಾಸಿನ ವಿಷಯಕ್ಕೆ ಬರೋಣ. ವಿಜ್ಞಾನ ಓದಿ ದೂರದರ್ಶನಕ್ಕೆ ಬಂದ ನನ್ನಂಥವನಿಗೆ ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಅಕ್ರಿಲಿಕ್ ಎಂಬ ಈ ಪ್ಲಾಸ್ಟಿಕ್ಕಿಗೆ ಪ್ಲೆಕ್ಸಿಗ್ಲಾಸ್ ಎಂಬ ವ್ಯಾಪಾರನಾಮ ದೊರೆತದ್ದು 1933ರಲ್ಲಿ, ಜರ್ಮನಿಯ ಓಟೊ ರೋಮ್ ಅವರ ಸಂಸ್ಥೆಯಿಂದ. ಎರಡನೆಯ ಮಹಾಯುದ್ಧದ ವಿಮಾನಗಳ ಚಾಲಕರು ಕುಳಿತದ್ದು ಇದೇ ಗುಮ್ಮಟಗಳ ಕೆಳಗೆ. ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ, ಅಕ್ರಿಲಿಕ್ಕಿನದು 1.19. ಎಂದರೆ ಅದೇ ಅಳತೆಯ ಕಿಟಕಿ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಬೆಳಕಿನ 92 ಭಾಗವನ್ನು ಹಾಯಿಸುತ್ತದೆ. ಬಿಸಿ ಮಾಡಿದರೆ ಮೆದುವಾಗಿ, ಬೇಕಾದ ಬಾಗಿಗೆ ಒಗ್ಗುತ್ತದೆ. ಕೆಲವೇ ಸಾವಿರ ಕಾರು ಕಟ್ಟುವ ಸಂಸ್ಥೆಗೆ ಇದಕ್ಕಿಂತ ಅನುಕೂಲವಾದ ವಸ್ತು ಇನ್ನೇನಿದೆ?

ತೊಂದರೆ ಶುರುವಾಗುವುದು ಆಮೇಲೆ. ನಿಮ್ಮ ಕಂಪಾಸ್ ಪೆಟ್ಟಿಗೆಯ ಪಾರದರ್ಶಕ ಸ್ಕೇಲನ್ನು ನೋಡಿ. ಜೂನ್ ತಿಂಗಳಲ್ಲಿ ನೀರಿನಂತಿದ್ದದ್ದು ಡಿಸೆಂಬರಿನ ಹೊತ್ತಿಗೆ ಗೀರುಗಳಿಂದ ಮಂಕಾಗಿರುತ್ತದೆ. ಅಕ್ರಿಲಿಕ್ ಕಿಟಕಿಯ ಪಾಡೂ ಅದೇ. ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಗಟ್ಟಿ. ಒಣಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೇ ಮರಳುಕಾಗದವಾಗುತ್ತದೆ. (ನಮ್ಮ ಸ್ಟುಡಿಯೋದಲ್ಲಿ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸುವ ಹೊಸ ಹುಡುಗರಿಗೆ ಕ್ಯಾಮರಾಮನ್ನರು ಕೊಡುವ ಬೈಗುಳದ ಹಿಂದಿರುವುದೂ ಇದೇ ತತ್ವ.) ಪೆಟ್ರೋಲು, ಮದ್ಯಸಾರ, ಅಮೋನಿಯಾ ಬೆರೆತ ಗಾಜು ತೊಳೆಯುವ ದ್ರವ ಇವೆಲ್ಲ ತಾಗಿದರೆ ಒಳಗೆಲ್ಲ ಜೇಡನ ಬಲೆಯಂಥ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಸಾಬೂನು ನೀರು, ಮೆದು ಬಟ್ಟೆ ಸಾಕು.

ಇನ್ನೊಂದು ಸಂಗತಿ ಉಷ್ಣ ವಿಕಾಸ. ಒಂದು ಡಿಗ್ರಿ ಬಿಸಿಗೆ ಅಕ್ರಿಲಿಕ್ ಮೀಟರಿಗೆ ಸುಮಾರು 70 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಕೇವಲ 12. ಲೆಕ್ಕ ಹಾಕಿ: 60 ಸೆಂಟಿಮೀಟರ್ ಉದ್ದದ ಕಿಟಕಿ, ನಸುಕಿಗೂ ಉರಿಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ. ಪ್ಲಾಸ್ಟಿಕ್ ಸುಮಾರು 1.7 ಮಿಲಿಮೀಟರ್ ಬೆಳೆಯುತ್ತದೆ, ಅದನ್ನು ಹಿಡಿದಿರುವ ಉಕ್ಕು 0.3 ಮಿಲಿಮೀಟರ್. ಸ್ಕ್ರೂ ಬಿಗಿದ ತೂತು ಸ್ಕ್ರೂವಿನಷ್ಟೇ ಅಗಲವಿದ್ದರೆ ಮಿಕ್ಕ 1.4 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ತೂತಿನಿಂದಲೇ ಬಿರುಕು ಹೊರಡುತ್ತದೆ. ಹಾಗಾಗಿ ಪಳಗಿದ ಕೈಗಳು ತೂತನ್ನು ದೊಡ್ಡದಾಗಿ ಕೊರೆದು, ನಡುವೆ ರಬ್ಬರ್ ಇಟ್ಟು, ಸ್ಕ್ರೂವನ್ನು ಅರೆಬಿಗಿ ಮಾಡಿ ಬಿಡುತ್ತವೆ.

1967ರಲ್ಲಿ ಮಸ್ಟಾಂಗಿನ ಒಡಲೇ ಬದಲಾಯಿತು. ಶೆಲ್ಬಿ ಕಾರಿನಲ್ಲಿ ಕಿಟಕಿ ಮಾಯವಾಗಿ, ಆ ಜಾಗದಲ್ಲಿ ಗಾಳಿ ಹೊರಬಿಡುವ ಫೈಬರ್‌ಗ್ಲಾಸಿನ ಮೂತಿ ಬಂತು. ಆರಂಭದ ಕೆಲವು ಕಾರುಗಳಲ್ಲಿ ಅದರೊಳಗೆ ಕೆಂಪು ದೀಪವನ್ನೂ ಇಟ್ಟಿದ್ದರು. ಮತ್ತೆ ನೋಟ ಹೋಗಿ ಗಾಳಿ ಬಂತು.

1966ರ ಕಿಟಕಿ ಮಾತ್ರ ಸಾಯಲಿಲ್ಲ. ಸಾಮಾನ್ಯ ಫಾಸ್ಟ್‌ಬ್ಯಾಕಿನ ಒಡೆಯರು ಕಿವಿರು ತೆಗೆಸಿ ಶೆಲ್ಬಿ ಮಾದರಿಯ ಕಿಟಕಿ ಹಾಕಿಸತೊಡಗಿದರು. ಅದಕ್ಕೆಂದೇ ಬಿಡಿಭಾಗಗಳ ಕಟ್ಟು ಮಾರಾಟಕ್ಕೆ ಬಂತು. ಚೆನ್ನಾಗಿ ಕಾಣಲೆಂದು, ಹಿಂದೆ ನೋಡಲು ಅನುಕೂಲವೆಂದು ಹಾಕಿಸಿದರೆ ಯಾರಿಗೂ ನಷ್ಟವಿಲ್ಲ. ಅದನ್ನೇ ಶೆಲ್ಬಿ ಎಂದು ಮಾರಿದರೆ ಅದು ಮೋಸ. ಕಿಟಕಿ ಬದಲಿಸುವುದು ಸುಲಭ, ಸಂಖ್ಯೆ ಬದಲಿಸುವುದು ಕಷ್ಟ: 1966ರ ನಿಜವಾದ ಶೆಲ್ಬಿಯ ಸಂಖ್ಯೆ 'ಎಸ್‌ಎಫ್‌ಎಂ6ಎಸ್' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಶೆವ್ರೊಲೆ ಕಾರ್ವೆಟ್ಟಿನ ಕಥೆ. 1963ರ ಕಾರ್ವೆಟ್ ಕೂಪೆಯ ಹಿಂಗಾಜನ್ನು ನಡುವೆ ಒಂದು ಪಟ್ಟಿ ಎರಡಾಗಿ ಸೀಳಿತ್ತು. ವಿನ್ಯಾಸ ವಿಭಾಗದ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಆ ಪಟ್ಟಿ ಬೇಕೇ ಬೇಕಿತ್ತು. ಎಂಜಿನಿಯರ್ ಜೋರಾ ಆರ್ಕುಸ್-ಡುಂಟೋವ್ ಹಿಂದೆ ಕಾಣುವುದಿಲ್ಲವೆಂದು ವಿರೋಧಿಸಿದರು. 1964ರಲ್ಲಿ ಪಟ್ಟಿ ಹೋಯಿತು. ಹಳೆಯ ಕಾರಿದ್ದ ಕೆಲವರು ತಮ್ಮದೂ ಹೊಸದರಂತೆ ಕಾಣಲೆಂದು ಪಟ್ಟಿ ಕೊಯ್ಯಿಸಿ ಒಂಟಿ ಗಾಜು ಕೂರಿಸಿಕೊಂಡರು. ಇಂಥ ಕೂಪೆಗಳು ತಯಾರಾದದ್ದೇ 10,594. ಕಾಲಾಂತರದಲ್ಲಿ ಸಂಗ್ರಾಹಕರು ಹುಡುಕತೊಡಗಿದ್ದು ಆ ಪಟ್ಟಿಯಿದ್ದ ಕಾರನ್ನೇ. ಕೊಯ್ದವರು ಮತ್ತೆ ಪಟ್ಟಿ ಕಟ್ಟಿಸಿದರು. ಅವರ ಜೊತೆಗೆ 1964ರ ಕಾರಿಗೂ ಪಟ್ಟಿ ಕಟ್ಟಿಸಿದವರಿದ್ದಾರೆ. ಆದ್ದರಿಂದ ಬಲ್ಲ ಗಿರಾಕಿ ಹಿಂಗಾಜಿನ ಕಡೆ ನೋಡುವ ಮೊದಲು ಕಾರಿನ ಸಂಖ್ಯೆಯ ಮೊದಲ ಅಂಕಿ ಓದುತ್ತಾನೆ. ಅದು 3 ಆಗಿದ್ದರೆ ಕಾರು 1963ರದು, 4 ಆಗಿದ್ದರೆ 1964ರದು.