ಕಾಳು ಕಾಯ್ದವರು

ಹಗೇವಿನ ಬಾಯಿ ತೆರೆದೊಡನೆ ಒಳಗೆ ಇಳಿಯಬಾರದೆಂಬುದು ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಯಲ್ಲಿ ಹಿರಿಯರು ವಿಧಿಸಿದ ಕಟ್ಟಳೆಯಾಗಿತ್ತು. ಮೇಲಿನ ಮಣ್ಣು ಕೆದರಿ, ಹಾಸುಗಲ್ಲು ಸರಿಸಿ, ಗಾಳಿಯಾಡಲು ಸಾಕಷ್ಟು ಹೊತ್ತು ಬಿಟ್ಟು, ಅನಂತರ ಹಗ್ಗಕ್ಕೆ ಕಟ್ಟಿದ ದೀಪವೊಂದನ್ನು ಮೆಲ್ಲನೆ ಕೆಳಗೆ ಬಿಡುವರು. ದೀಪವು ಉರಿಯುತ್ತಲೇ ಇದ್ದರೆ ಆಳು ಇಳಿಯುವನು; ನಂದಿದರೆ ಇನ್ನೂ ಕಾಯಬೇಕು. ಅವಸರದಿಂದ ಇಳಿದವನು ಮತ್ತೆ ಮೇಲೆ ಬರಲಿಲ್ಲವೆಂಬ ಮಾತು ಹಗೇವು ಇದ್ದ ಊರುಗಳಿಗೆ ಹೊಸದಲ್ಲ.

ಇದೇ ಎಚ್ಚರಿಕೆಯನ್ನು ರೋಮದ ಪಂಡಿತನಾದ ವಾರೋ ಎಂಬವನು ಕ್ರಿ. ಪೂ. 37ರ ಸುಮಾರಿಗೆ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ ಬರೆದ ಕೃಷಿಗ್ರಂಥದಲ್ಲಿ ಕೊಟ್ಟಿರುವನು. ನೆಲದೊಳಗಿನ ಕಣಜವನ್ನು ತೆರೆದ ಕೂಡಲೆ ಇಳಿದರೆ ಉಸಿರುಕಟ್ಟುವ ಭಯವುಂಟೆಂದೂ, ಗಾಳಿ ಸೋಕದಂತೆ ಹುಗಿದಿಟ್ಟ ಗೋದಿಯು ಐವತ್ತು ವರುಷ, ಬರಗು ನೂರು ವರುಷಕ್ಕೂ ಮಿಕ್ಕಿ ಉಳಿಯುವದೆಂದೂ ಅವನು ಹೇಳುತ್ತಾನೆ. ವರುಷಗಳ ಲೆಕ್ಕದಲ್ಲಿ ಅತಿಶಯವಿದ್ದೀತು. ಆದರೆ ಒಬ್ಬರನ್ನೊಬ್ಬರು ಕಾಣದ ಎರಡು ಸೀಮೆಗಳ ಒಕ್ಕಲಿಗರು ಒಂದೇ ಉಪಾಯವನ್ನೂ ಅದರ ಒಂದೇ ಅಪಾಯವನ್ನೂ ಅರಿತಿದ್ದರೆಂಬುದು ವಿಚಾರಾರ್ಹವಾಗಿದೆ.

ಅರಸರ ಕಾಳಗಗಳಿಗೆ ನಮ್ಮಲ್ಲಿ ಶಾಸನಗಳಿವೆ, ವೀರಗಲ್ಲುಗಳಿವೆ. ಮನುಷ್ಯನು ನುಸಿಯೊಡನೆ ಹೂಡಿದ ಕಾಳಗಕ್ಕೆ ಅಂಥ ಕಲ್ಲುಗಳಿಲ್ಲ. ಆದರೆ ನೆಲದಲ್ಲಿ ಗುರುತುಗಳಿವೆ. ಪುಣೆ ಜಿಲ್ಲೆಯ ಘೋಡ ನದಿಯ ದಂಡೆಯ ಮೇಲಿರುವ ಇನಾಮಗಾಂವದಲ್ಲಿ 1968ರಿಂದ 1983ರ ವರೆಗೆ ಡೆಕ್ಕನ್ ಕಾಲೇಜಿನವರು ನಡೆಸಿದ ಉತ್ಖನನದಲ್ಲಿ, ಮೂರು ಸಾವಿರ ವರುಷಗಳಿಗೂ ಹಿಂದಿನ ಒಕ್ಕಲಿಗರ ಮನೆಗಳ ಬಳಿ ಸುಣ್ಣ ಬಳಿದ ಧಾನ್ಯದ ಕುಳಿಗಳು ದೊರೆತವು. ಮೈಸೂರಿನ ರುದ್ರಪಟ್ಟಣ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಪರಿಚಯಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಪ್ರಕರಣವೊಂದಿದೆ. ಧಾನ್ಯವನ್ನು ಎತ್ತರದ ನೆಲೆಯಲ್ಲಿಡಬೇಕು, ಬೆಲ್ಲವನ್ನು ಒತ್ತಾಗಿ ಹೆಣೆದ ಹುಲ್ಲಿನ ಮೂಟೆಯಲ್ಲಿ, ಎಣ್ಣೆಯನ್ನು ಮಣ್ಣಿನ ಇಲ್ಲವೆ ಮರದ ಪಾತ್ರೆಯಲ್ಲಿ ಇಡಬೇಕು ಎಂದು ಅಲ್ಲಿ ಹೇಳಿದೆ. ಒಂದೊಂದು ಪದಾರ್ಥದ ಶತ್ರು ಒಂದೊಂದು. ಆದುದರಿಂದ ಕಾವಲೂ ಬೇರೆ ಎಂಬುದೇ ಅದರ ತಾತ್ಪರ್ಯ.

ಆ ಶತ್ರು ಯಾರು? ಜೋಳ, ಅಕ್ಕಿ, ಗೋದಿಗಳನ್ನು ಹಿಡಿಯುವ ನುಸಿಗೆ ಲಿನೇಯಸನು 1763ರಲ್ಲಿ ಶಾಸ್ತ್ರೀಯ ನಾಮವನ್ನಿಟ್ಟನು. ನಮ್ಮ ಹೆಂಗಸರು ಅದನ್ನು ಮರದಲ್ಲಿ ಕೇರಿ ಹೊರಹಾಕುತ್ತಿದ್ದುದು ಅದಕ್ಕೂ ಎಷ್ಟೋ ಹಿಂದಿನಿಂದ. ಹೆಣ್ಣು ನುಸಿಯು ಸೊಂಡಿಲಿನಿಂದ ಕಾಳನ್ನು ಕೊರೆದು, ತತ್ತಿಯಿಟ್ಟು, ಅಂಟಿನಂಥ ದ್ರವದಿಂದ ರಂಧ್ರವನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ಕಾಳು ನಿರ್ದೋಷವಾಗಿಯೇ ಕಾಣುವದು. ಹೆಸರು, ತೊಗರಿ, ಅಲಸಂದಿಗಳ ಹುಳು ಬೇರೆ ಜಾತಿಯದು. ಅದು ಕಾಳಿನ ಮೈಮೇಲೆಯೇ ಬಿಳಿ ಚುಕ್ಕೆಯಂತೆ ತತ್ತಿ ಅಂಟಿಸುತ್ತದೆ; ಮರಿಯು ನೇರವಾಗಿ ಒಳಗೆ ಕೊರೆಯುತ್ತದೆ. ಅನೇಕ ವೇಳೆ ಈ ತತ್ತಿ ಹೊಲದಲ್ಲಿ ಕಾಯಿಯ ಮೇಲೆಯೇ ಬಿದ್ದು, ರಾಶಿಯೊಡನೆ ಮನೆಗೆ ಬರುತ್ತದೆ. ‘ಡಬ್ಬಿ ಮುಚ್ಚಿಯೇ ಇತ್ತು, ಹುಳು ಎಲ್ಲಿಂದ ಬಂತು?’ ಎಂದು ಬೆರಗಾಗುವವರಿಗೆ ಇದೇ ಉತ್ತರ.

ಹಗೇವು ಈ ಶತ್ರುವಿನ ಉಸಿರನ್ನೇ ಹಿಡಿಯುವ ಉಪಾಯವಾಗಿತ್ತು. ನೀರು ನಿಲ್ಲದ ಎತ್ತರದ ಗರಸು ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಕುಳಿ ತೋಡಿ, ಒಳಗೆ ಬೆಂಕಿ ಹಾಕಿ ತೇವ ಒಣಗಿಸುವರು. ಅಡಿಗೂ ಗೋಡೆಗೂ ಒಣ ಹುಲ್ಲು, ಹೊಟ್ಟು ಹಾಸಿ, ಬಿಸಿಲಿಗೆ ಕಾಯಿಸಿದ ಜೋಳವನ್ನು ಕಂಠಮಟ್ಟ ತುಂಬಿ, ಮೇಲೆ ಕಲ್ಲು ಹಾಕಿ ಮಣ್ಣು ಮೆತ್ತುವರು. ಕಾಳೂ, ಅದರೊಡನೆ ಬಂದ ಹುಳವೂ ಉಸಿರಾಡಿ ಒಳಗಿನ ಪ್ರಾಣವಾಯುವನ್ನು ಕಳೆದು ಅಂಗಾರಾಮ್ಲ ವಾಯುವನ್ನು ತುಂಬಿಬಿಡುತ್ತವೆ. ಹುಳು ತಾನೇ ತನ್ನ ಉರುಲನ್ನು ಹೊಸೆದುಕೊಂಡು ಸಾಯುತ್ತದೆ. ದೀಪವನ್ನು ನಂದಿಸುವದೂ, ಅವಸರದ ಆಳನ್ನು ಕೊಲ್ಲುವದೂ ಇದೇ ಕೆಟ್ಟ ಗಾಳಿ. ಕಾಳನ್ನು ಉಳಿಸಿದ ಗುಣವೂ ಮನುಷ್ಯನನ್ನು ಕೊಂದ ದೋಷವೂ ಒಂದೇ ಆಗಿತ್ತು.

ಆದರೂ ಹಗೇವನ್ನು ನಿರ್ದೋಷವೆಂದು ಹಾಡಿ ಹೊಗಳಬೇಕಾಗಿಲ್ಲ. ಗೋಡೆಗೆ ತಾಗಿದ ಜೋಳ ಮುಗ್ಗಿ ಕೆಡುತ್ತಿತ್ತು. ಉಳಿದುದಕ್ಕೂ ಒಂದು ವಾಸನೆ ಅಂಟುತ್ತಿತ್ತು. ಹೊರತೆಗೆದ ಕಾಳನ್ನು ಒಣಗಿಸದೆ ಬಿಟ್ಟರೆ ಬೇಗನೆ ಹುಳು ಬೀಳುತ್ತಿತ್ತು. ಬಹುಕಾಲ ಹೂತ ಕಾಳಿಗೆ ಮೊಳೆಯುವ ಶಕ್ತಿ ಕುಂದುವದರಿಂದ ಬಿತ್ತುವ ಬೀಜವನ್ನು ಅದರಲ್ಲಿ ಹಾಕುತ್ತಿರಲಿಲ್ಲ. ಬೀಜವು ಬೂದಿಯೊಡನೆ ಬೆರೆತು, ಮಣ್ಣಿನ ಗಡಿಗೆಯಲ್ಲಿ, ಮನೆಯ ಹೆಂಗಸಿನ ವಶದಲ್ಲಿ ಇರುತ್ತಿತ್ತು. 1876ರಿಂದ 1878ರ ವರೆಗಿನ ಭೀಕರ ಕ್ಷಾಮದಲ್ಲಿ ಈ ಸೀಮೆಯು ತತ್ತರಿಸಿದುದನ್ನು ನೆನೆದರೆ, ಒಂದು ಗಡಿಗೆ ಬೀಜವನ್ನು ಹಸಿವೆಯಿಂದಲೂ ಹುಳುವಿನಿಂದಲೂ ಕಾಯ್ದುಕೊಳ್ಳುವದೆಂದರೆ ಏನೆಂಬುದು ತಿಳಿದೀತು.

ಇಲ್ಲಿಂದ ಇತಿಹಾಸವು ಅಡುಗೆಮನೆಯನ್ನು ಹೊಗುತ್ತದೆ. ಹಗೇವು ಗಂಡಸರ ಲೆಕ್ಕದ್ದು. ಸಗಣಿ ಸಾರಿಸಿದ ಗುಮ್ಮಿ ಮತ್ತು ಸಾಲುಗಡಿಗೆಗಳು ಹೆಂಗಸರ ಜ್ಞಾನದ್ದು. ಅವರ ಒಂದೊಂದು ರೂಢಿಯನ್ನೂ ಇಂದಿನ ಶಾಸ್ತ್ರವು ತೂಗಿ ನೋಡಿದೆ. ನುಣುಪಾದ ಪುಡಿಗಳು ಕೀಟದ ಮೈಮೇಲಿನ ಮೇಣದ ಪದರನ್ನು ಗೀರುವದರಿಂದ ಅದು ಮೈಯ ನೀರು ಆರಿ ಸಾಯುವದೆಂಬುದನ್ನು ವಿಗಲ್ಸ್‌ವರ್ಥ್ ಎಂಬ ವಿಜ್ಞಾನಿಯು 1944ರಲ್ಲಿ ವಿವರಿಸಿದನು. ಕುಳ್ಳಿನ ಬೂದಿಗೂ ತೊಗರಿಗೆ ಕಟ್ಟುವ ಕೆಮ್ಮಣ್ಣಿಗೂ ಇದೇ ಬಗೆಯ ಸಮರ್ಥನೆ ಸಲ್ಲುತ್ತದೆ. ಕಾಳಿಗೆ ಸವರಿದ ಔಡಲೆಣ್ಣೆಯು ತತ್ತಿಯ ಉಸಿರನ್ನು ಕಟ್ಟುತ್ತದೆ. ತೊಗರಿಯನ್ನು ಒಡೆದು ಬೇಳೆ ಮಾಡಿಟ್ಟರೆ ಆ ಹುಳುವಿಗೆ ಸಂತಾನ ಬೆಳೆಸುವದು ಕಠಿಣವಾಗುತ್ತದೆ. ರವೆಯನ್ನು ಹುರಿದಿಡುವದರಿಂದ ಕಣ್ಣಿಗೆ ಕಾಣದ ತತ್ತಿ ಸಾಯುತ್ತದೆ. ಬೇವಿನಲ್ಲಿ ಕೀಟಕ್ಕೆ ಅನ್ನ ಸೇರದಂತೆ ಮಾಡುವ ಸತ್ತ್ವವಿದ್ದು, ಅದನ್ನು 1968ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದರು. ಆದರೆ ಆ ಸತ್ತ್ವ ವಿಶೇಷವಾಗಿರುವದು ಬೀಜದಲ್ಲಿ; ನಾಲ್ಕು ಎಲೆಗಳನ್ನು ಡಬ್ಬಿಯಲ್ಲಿ ಹಾಕಿ ನಿಶ್ಚಿಂತರಾಗುವದು ಸಲ್ಲದು. ಈ ಎಲ್ಲ ಉಪಾಯಗಳಿಗೂ ಮೊದಲಿನದು ಬಿಸಿಲು. ಚೆನ್ನಾಗಿ ಒಣಗಿ ಕಟುಮ್ಮನೆ ಮುರಿಯುವ ಕಾಳಿನಲ್ಲಿ ನುಸಿಯ ವಂಶ ಹೆಚ್ಚಲಾರದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ವರುಷದ ಕಾಳು ಹರವುತ್ತಿದ್ದ ತಾಯಂದಿರು ಈ ಸೂತ್ರವನ್ನು ಯಾವ ಗ್ರಂಥದಿಂದಲೂ ಕಲಿತವರಲ್ಲ.

ಕಾಲ ಬದಲಾಯಿತು. ಗೋಣಿಚೀಲ ಬಂದಿತು, 1957ರಲ್ಲಿ ಕೇಂದ್ರ ಉಗ್ರಾಣ ನಿಗಮ, 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾದವು. 1972ರ ಬರಗಾಲದಲ್ಲಿ ಈ ಸೀಮೆಯ ಜನರು ಸರಕಾರದ ಕಾಳನ್ನು ನೆಚ್ಚಬೇಕಾಯಿತು. 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಬಳಿಕ ಜೋಳದ ಎಷ್ಟೋ ಹೊಲಗಳು ಕಬ್ಬಿನ ಗದ್ದೆಗಳಾದವು. ಡಿ.ಡಿ.ಟಿ., ಬಿ.ಎಚ್.ಸಿ. ಪುಡಿಗಳು ಬಂದು ಮೆರೆದು, ವಿಷವೆಂದು ತಿಳಿದ ಮೇಲೆ ನಿರ್ಬಂಧಕ್ಕೊಳಗಾದವು. ಉಗ್ರಾಣಗಳಲ್ಲಿ ತಿಳಿದವರು ಬಳಸಬೇಕಾದ ಅನಿಲದ ಗುಳಿಗೆಗಳನ್ನು ಮಲಗುವ ಮನೆಯ ಚೀಲದಲ್ಲಿಟ್ಟು ಜೀವ ಕಳೆದುಕೊಂಡವರುಂಟು. ಹಗೇವಿನ ಕೆಟ್ಟ ಗಾಳಿಗೆ ದೀಪದ ಪರೀಕ್ಷೆಯಿತ್ತು. ಈ ಗುಳಿಗೆಯ ಗಾಳಿಗೆ ಮನೆಯಲ್ಲಿ ಅಂಥ ಪರೀಕ್ಷೆಯಿಲ್ಲ. ಅದನ್ನು ಮನೆಯೊಳಗೆ ತರಲೇಬಾರದು.

ವಿನೋದವೆಂದರೆ, ಶಾಸ್ತ್ರವು ಸುತ್ತಿ ಬಳಸಿ ಹಗೇವಿನ ಬಾಯಿಗೇ ಬಂದು ನಿಂತಿದೆ. ಆಫ್ರಿಕದ ಕೆಮರೂನ್ ದೇಶದ ಅಲಸಂದಿ ಬೆಳೆಗಾರರಿಗಾಗಿ 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆರಂಭಿಸಿದ ಸಂಶೋಧನೆಯಿಂದ ಮೂರು ಪದರಿನ ಗಾಳಿಬಿಗಿ ಚೀಲ ಹುಟ್ಟಿತು. ಅದರಲ್ಲಿ ಮದ್ದಿಲ್ಲ, ಪುಡಿಯಿಲ್ಲ; ಹುಳು ತನ್ನ ಉಸಿರಿನಿಂದಲೇ ಸಾಯುತ್ತದೆ. ನಮ್ಮ ಅಡುಗೆಮನೆಗೂ ಪಾಠ ಇಷ್ಟೇ: ಒಣಗಿಸಿ, ತುಂಬಿ, ಬಿಗಿಯಾಗಿ ಮುಚ್ಚಬೇಕು. ಅರ್ಧ ಬರಿದಾದ ಡಬ್ಬಿಯಲ್ಲಿ ಉಳಿದರ್ಧ ಹುಳುವಿಗೆ ಉಸಿರು. ಆದುದರಿಂದ ಕಾಳು ಕಡಿಮೆಯಾದಂತೆ ಪಾತ್ರೆಯೂ ಕಿರಿದಾಗಬೇಕು. ಹಳೆಯ ಕಾಳಿನ ಮೇಲೆ ಹೊಸ ಕಾಳು ಸುರಿಯಬಾರದು.

ಮರಾಠಿಯಲ್ಲಿ ಹಗೇವಿಗೆ ‘ಪೇವ’ ಎನ್ನುವರು. ಯಾವುದಾದರೊಂದು ವಸ್ತು ಒಮ್ಮೆಲೆ ಹೇರಳವಾಗಿ ಹೊರಟರೆ ‘ಪೇವ ಒಡೆಯಿತು’ ಎಂಬ ನುಡಿಗಟ್ಟು ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಪೇವವನ್ನು ಕಾಣದವರೂ ಅದನ್ನು ಆಡುತ್ತಾರೆ. ನಮ್ಮ ಗಡಿನಾಡಿನ ಕನ್ನಡದ ಮನೆಗಳಲ್ಲಿ ಹಗೇವೂ ಹೋಯಿತು, ಗುಮ್ಮಿಯೂ ಹೋಯಿತು. ಅವುಗಳ ಹಿಂದೆಯೇ ಮಾತುಗಳೂ ಹೊರಟು ನಿಂತಿವೆ. ಮಾತಿಗೆ ಹಿಡಿಯುವ ನುಸಿಯನ್ನು ಮರದಲ್ಲಿ ಕೇರಲು ಬರುವದಿಲ್ಲ. ಹಗೇವಿಗೆ ಇಳಿದು ಬಲ್ಲ ಹಿರಿಯರು, ಬೀಜದ ಗಡಿಗೆ ಕಾಯ್ದ ಅಜ್ಜಿಯರು ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದಿಡುವ ಕೆಲಸವನ್ನು ವಾಚಕರು ಈ ಬೇಸಿಗೆಯಲ್ಲಿಯೇ ಕೈಕೊಳ್ಳಲಿ. ಬೀಜದ ಕಾಳು ತಿನ್ನುವ ಕಾಳಿನಿಂದ ಬೇರೆಯಾಗಿರಬೇಕೆಂದು ಅವರೇ ನಮಗೆ ಕಲಿಸಿದವರು.