ಪಾರ್ಕಿನ್ಸನ್: ಕಾಲು ನೆಲಕ್ಕಂಟಿದಾಗ ಕೈಹಿಡಿದು ಎಳೆಯಬೇಡಿ

ಪಾರ್ಕಿನ್ಸನ್ ಎಂದರೆ ಕೈನಡುಕ ಎಂದೇ ಹಲವರ ತಿಳಿವಳಿಕೆ. ಲಂಡನ್‌ನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗಲೇ ನಡಿಗೆಯ ತೊಂದರೆಯನ್ನೂ ಗುರುತಿಸಿದ್ದರು. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಕ್ಷೀಣಿಸಿದಂತೆ ಹೆಜ್ಜೆ ಚಿಕ್ಕದಾಗುತ್ತದೆ. ಬಾಗಿಲ ಬಳಿ, ತಿರುಗುವಾಗ ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿಕೊಂಡಂತಾಗುತ್ತದೆ. ಬೀಳುವುದು ಹೆಚ್ಚಾಗಿ ಆಗಲೇ. ಮಾತ್ರೆಯೊಂದರಿಂದಲೇ ಇದು ಪೂರ್ತಿ ಸರಿಹೋಗದು.

ಇಲ್ಲಿ ನೆರವಾಗುವವರು ನರರೋಗಗಳಲ್ಲಿ ಪರಿಣತಿ ಪಡೆದ ಫಿಸಿಯೋಥೆರಪಿಸ್ಟ್‌ಗಳು. ತಂತಾನೇ ನಡೆಯುವ ಅಭ್ಯಾಸ ಕೈಕೊಟ್ಟರೂ ಗಮನವಿಟ್ಟು ಹೆಜ್ಜೆ ಹಾಕುವ ಸಾಮರ್ಥ್ಯ ಬಹುಮಟ್ಟಿಗೆ ಉಳಿದಿರುತ್ತದೆ. ಅದನ್ನು ಎಚ್ಚರಿಸಲು ನೆಲದ ಮೇಲೆ ಅಡ್ಡಲಾಗಿ ಬಣ್ಣದ ಟೇಪ್ ಅಂಟಿಸುತ್ತಾರೆ, ಮೆಟ್ರೊನೋಮ್‌ನ ತಾಳಕ್ಕೆ ನಡೆಸುತ್ತಾರೆ. ಸಪಾಟು ನೆಲದಲ್ಲಿ ನಿಂತುಬಿಡುವವರು ಮೆಟ್ಟಿಲನ್ನು ಸಲೀಸಾಗಿ ಹತ್ತುವುದುಂಟು! ಪ್ರತಿ ಮೆಟ್ಟಿಲೂ ಕಣ್ಣಿಗೆ ಒಂದು ಗೆರೆಯೇ ತಾನೆ? ದೊಡ್ಡ ಚಲನೆಗಳನ್ನು ರೂಢಿಸುವ 'ಎಲ್‌ಎಸ್‌ವಿಟಿ ಬಿಗ್' ತರಬೇತಿಯಲ್ಲಿ ವಾರಕ್ಕೆ 4 ದಿನ, ದಿನಕ್ಕೆ 1 ಗಂಟೆಯಂತೆ 4 ವಾರ ಅಭ್ಯಾಸ ಇರುತ್ತದೆ.

ಮನೆಯವರು ಆತುರಪಟ್ಟು ಎಳೆದರೆ ಮೈ ಮುಂದಕ್ಕೆ, ಕಾಲು ಅಲ್ಲೇ. ಮೊದಲು ಅವರು ಸುಮ್ಮನೆ ನಿಲ್ಲಲಿ. ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಲಿ, ಆಮೇಲೆ ದೊಡ್ಡ ಹೆಜ್ಜೆ ಇಡಲಿ. ಆ ಹೊತ್ತಿಗೆ ಮಾತಿಗೆಳೆಯಬೇಡಿ. ನಿಂತಲ್ಲೇ ಗಿರಕಿ ಹೊಡೆಯದೆ ಅರ್ಧವೃತ್ತದಲ್ಲಿ ತಿರುಗುವುದು ಕ್ಷೇಮ. ಮುಂಬೈನ ಇಕ್ಕಟ್ಟಾದ ಫ್ಲ್ಯಾಟ್‌ಗಳಲ್ಲಿ ಅದಕ್ಕೆ ಜಾಗವೆಲ್ಲಿ ಎನ್ನಬಹುದು. ದಾರಿಗಡ್ಡವಾದ ಟೀಪಾಯಿಯನ್ನೂ ಜಾರುವ ಚಾಪೆಯನ್ನೂ ತೆಗೆದರೆ ಅರ್ಧ ಕೆಲಸ ಆದಂತೆ.

ವ್ಯಾಯಾಮಕ್ಕೆ ಲೆವೊಡೋಪಾ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತನ್ನೇ ಆರಿಸಿಕೊಳ್ಳಿ. ಥೆರಪಿಸ್ಟ್ ಬಳಿ ಹೋಗುವಾಗ ಮಾತ್ರೆಯ ವೇಳೆ, ಕಾಲು ಅಂಟುವ ಜಾಗ, ಬಿದ್ದ ದಿನ ಇಷ್ಟನ್ನು ಬರೆದುಕೊಂಡು ಹೋಗಿ.